ಶ್ರೀರಂಗನ ಕಿವಿ

ಧಾರವಾಡದಲ್ಲಿ ಹಾಡಿ ಹೆಸರು ಮಾಡಿದವರು ಬಹಳ ಮಂದಿ. ಕೇಳಿ ಹೆಸರು ಮಾಡಿದವನು ಶ್ರೀರಂಗ ಹೊಂಬಳ. ಅವನಿಗೆ ಹಾಡಲು ಬರುತ್ತಿರಲಿಲ್ಲ. ಯಾವ ವಾದ್ಯವನ್ನೂ ಕಲಿತವನಲ್ಲ. ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ನೀರಿನ ಪಂಪು ತಯಾರಿಸುವ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡಿ, ಅಲ್ಲಿಂದಲೇ ನಿವೃತ್ತನಾದವನು. ದಿನವಿಡೀ ಬೋಲ್ಟು ಬೇರಿಂಗುಗಳ ನಡುವೆ ಇದ್ದು, ಸಂಜೆ ಮಾಳಮಡ್ಡಿಯ ಮನೆಗೆ ಬಂದು ಕೈಕಾಲು ತೊಳೆದುಕೊಂಡು, ಊರಿನಲ್ಲಿ ಎಲ್ಲಿ ಹಾಡಿಕೆ ಇದೆಯೋ ಅಲ್ಲಿಗೆ ಹೊರಟುಬಿಡುತ್ತಿದ್ದ.

ಇದು ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮಗನಿಗೆ ಸಂಗೀತ ಕಲಿಸಬಾರದೇ ಎಂದು ನೆರೆಯವರು ಕೇಳಿದಾಗ, "ಹಾಡವರು ಬೇಕಾದಷ್ಟು ಮಂದಿ ಅದಾರ. ಇಂವ ಛಂದಾಗಿ ಕೇಳೂದು ಕಲಿತರ ಸಾಕು" ಅಂದಿದ್ದರಂತೆ. ಹಾಡಿಕೆಯ ಬೈಠಕ್ಕುಗಳಿಗೆ ಹುಡುಗನನ್ನು ಸೈಕಲ್ ಮೇಲೆ ಕೂಡಿಸಿಕೊಂಡು ಹೋಗುತ್ತಿದ್ದರು. ಹುಡುಗ ಮೊದಮೊದಲು ಅಲ್ಲೇ ನಿದ್ದೆ ಮಾಡುತ್ತಿದ್ದ, ಆಮೇಲಾಮೇಲೆ ಎಚ್ಚರವಿರತೊಡಗಿದ.

ದೊಡ್ಡವನಾದ ಮೇಲೆ ಅವನದೊಂದು ಜಾಗ ಅಂತ ಆಯಿತು. ಎರಡನೆಯ ಸಾಲಿನ ಎಡತುದಿಯಲ್ಲಿ ಗೋಡೆಗೆ ಆತು ಕೂರುತ್ತಿದ್ದ. ಹಾಡುವವರು ವೇದಿಕೆಗೆ ಬಂದು ತಂಬೂರಿ ಶ್ರುತಿ ಮಾಡಿಕೊಳ್ಳುತ್ತ ಮೊದಲು ನೋಡುತ್ತಿದ್ದದ್ದು ಅತ್ತ ಕಡೆಗೆ. ಹಾಡಿಕೆಯಲ್ಲಿ ಒಳ್ಳೆಯ ಜಾಗ ಬಂದಾಗ ಅವನ ಗಂಟಲಿನಿಂದ ಸಣ್ಣಗೆ ಒಂದು ‘ಹಾಯ್’ ಹೊರಬೀಳುತ್ತಿತ್ತು. ಹೊಗಳಿಕೆಯ ಹಾಗೆ ಕೇಳುತ್ತಿರಲಿಲ್ಲ ಅದು, ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕವನ ದನಿಯ ಹಾಗಿರುತ್ತಿತ್ತು. ಅದನ್ನು ಕೇಳಿದ ಮೇಲೆ ಎಷ್ಟೋ ಗಾಯಕರು ಇನ್ನೊಂದು ಗಳಿಗೆ ಆ ಸ್ವರವನ್ನು ಬಿಡದೆ ಹಿಡಿದುಕೊಂಡು ಕೂತದ್ದುಂಟು. ಊರಿನಲ್ಲೇ ಮಕ್ಕಳಿಗೆ ಸಂಗೀತದ ಪಾಠ ಹೇಳಿಕೊಂಡಿದ್ದ ಗಾಯಕಿ ತಾರಾಬಾಯಿಯಂತೂ, ಶ್ರೀರಂಗ ಬರುವ ತನಕ ಹಾಡಿಕೆ ಶುರು ಮಾಡುತ್ತಿರಲಿಲ್ಲ ಎಂದು ಜನ ಚೇಷ್ಟೆ ಮಾಡುತ್ತಿದ್ದರು.

ನಿವೃತ್ತಿಯಾದ ಮರುವರ್ಷ ಆ ‘ಹಾಯ್’ ನಿಂತುಹೋಯಿತು.

ಅದಕ್ಕೆ ಇಂಥದೇ ಅಂತ ಕಾರಣವಿರಲಿಲ್ಲ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಜ್ವರ ಬಂದಿರಲಿಲ್ಲ, ಮಗಳು ಬೆಳಗಾವಿಯಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಳು. ಒಂದು ಬೆಳಗಿನ ಕಚೇರಿಯಲ್ಲಿ ಪುಣೆಯಿಂದ ಬಂದ ಗಾಯಕ ಜೌನಪುರಿ ರಾಗ ಹಾಡುತ್ತಿದ್ದ. ಹಾಡುವ ಹುಡುಗ ಚೆನ್ನಾಗಿ ತಯಾರಾಗಿದ್ದ. ಜೌನಪುರಿ ಜೌನಪುರಿಯಾಗಿಯೇ ಇತ್ತು. ಧೈವತ ಸ್ವರ ಇರಬೇಕಾದ ಕಡೆಗೇ ಇತ್ತು. ಆದರೆ ಕಿರಾಣಿ ಅಂಗಡಿಯವನು ತೂಕ ಮಾಡಿ ಮುಂದಿಟ್ಟ ಸಾಮಾನಿನ ಹಾಗೆ ಎಲ್ಲವೂ ಬಂದು ಎದುರಿಗೆ ಕೂತಿತು, ಒಳಗೆ ಬರಲಿಲ್ಲ. ರಾತ್ರಿ ನಿದ್ದೆಯಾಗಿಲ್ಲ ಅಂದುಕೊಂಡ. ಮುಂದಿನ ವಾರವೂ ಹಾಗೇ ಆಯಿತು. ಮನೆಯಲ್ಲಿ ಕಪಾಟು ತೆರೆದು, ಹಿಂದೆ ಯಾವ ಯಾವ ಸೀಡಿ ಕೇಳಿ ಕಣ್ಣೀರು ಹಾಕಿದ್ದನೋ ಅವನ್ನೇ ಹುಡುಕಿ ಹಾಕಿದ. ಕಣ್ಣೀರು ಹಾಕಿದ್ದು ಚೆನ್ನಾಗಿ ನೆನಪಿತ್ತು. ಯಾಕೆ ಹಾಕಿದೆ ಎನ್ನುವುದು ತಿಳಿಯಲಿಲ್ಲ.

ಕಿವಿಯ ಡಾಕ್ಟರರು ಪರೀಕ್ಷೆ ಮಾಡಿ, ವಯಸ್ಸಿಗೆ ಹೋಲಿಸಿದರೆ ಕಿವಿ ಗಟ್ಟಿಯಾಗಿದೆ ಅಂದರು. ಇನ್ನೊಬ್ಬ ಡಾಕ್ಟರರು ಊಟ, ನಿದ್ದೆ, ಬೇಸರ ಎಲ್ಲ ವಿಚಾರಿಸಿ ಮಾತ್ರೆ ಬರೆದುಕೊಟ್ಟರು. ಅದರಿಂದ ನಿದ್ದೆ ಚಲೋ ಬಂತು. ತನಗೆ ಬೇಸರವಿದೆ ಎಂದು ಹೇಳಲಿಕ್ಕೂ ಅವನಿಂದಾಗಲಿಲ್ಲ. ಬೇಸರವಾದರೂ ಒಂದು ಥರದ ಭಾವನೆ, ಅವನಿಗೆ ಅದೂ ಇರಲಿಲ್ಲ. ಅಣ್ಣನ ಮೊಮ್ಮಗಳ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗಲೂ ಅವನಿಗೆ ಬಿಲ್ ಕಟ್ಟುವ ಸಾಲಿನಲ್ಲಿ ನಿಂತ ಹಾಗೇ ಇತ್ತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಉಳಿಯುವುದೇನು? ಕಚೇರಿಗಳಿಗೆ ಹೋಗುತ್ತಲೇ ಇದ್ದ. ಮೊದಲು ಆವರ್ತ ಮುಗಿದು ಸಮ್ ಬಂದಾಗ ತಲೆ ತಾನಾಗಿ ಅಲ್ಲಾಡುತ್ತಿತ್ತು. ಈಗ ತಾಳದ ಮಾತ್ರೆ ಎಣಿಸಿ, ಸರಿಯಾದ ಹೊತ್ತಿಗೆ ತಲೆ ಅಲ್ಲಾಡಿಸತೊಡಗಿದ. ‘ಹಾಯ್’ ಒಂದನ್ನು ಮಾತ್ರ ತರಲಾಗಲಿಲ್ಲ, ಅದರ ಬದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಪಕ್ಕದಲ್ಲಿ ಸದಾ ಇರುತ್ತಿದ್ದವನು ಬಾಲ್ಯದ ಗೆಳೆಯ ದತ್ತು, ಬ್ಯಾಂಕಿನಿಂದ ನಿವೃತ್ತನಾದವನು. ಅವನಿಗೂ ಗೊತ್ತಾಗಲಿಲ್ಲ. ವಯಸ್ಸಾದ ಹಾಗೆ ಶ್ರೀರಂಗ ಇನ್ನೂ ಆಳಕ್ಕೆ ಹೋಗುತ್ತಿದ್ದಾನೆ ಎಂದು ಅವನೇ ನಾಲ್ಕು ಜನರಿಗೆ ಹೇಳಿದ.

ಹೀಗೆ ನಡೆದಿರುವಾಗ ತಾರಾಬಾಯಿ ತೀರಿಕೊಂಡರು. ಆಕಾಶವಾಣಿಯಲ್ಲಿ ಹಾಡಿದ ಒಂದೆರಡು ತುಣುಕು ಬಿಟ್ಟರೆ ಅವರದೊಂದು ಕ್ಯಾಸೆಟ್ಟೂ ಬಂದಿರಲಿಲ್ಲ. ಒಮ್ಮೆ ಕಂಪನಿಯವರು ಬಂದು ಅರ್ಧ ತಾಸಿನಲ್ಲಿ ಒಂದು ರಾಗ ಮುಗಿಸಿಕೊಡಿ ಅಂದಾಗ, ಅಷ್ಟರಲ್ಲಿ ತನ್ನ ರಾಗ ಹಾಸಿಗೆಯಿಂದ ಏಳುವುದೂ ಇಲ್ಲ ಎಂದು ಚಹಾ ಕೊಟ್ಟು ಕಳಿಸಿದ್ದರು. ಈಗ ಅವರ ಹಾಡಿಕೆ ಎಲ್ಲಿ ಸಿಕ್ಕೀತು ಎಂದು ರಸಿಕರು ಶ್ರದ್ಧಾಂಜಲಿ ಸಭೆಯಲ್ಲಿ ಹಳಹಳಿಸುತ್ತಿದ್ದಾಗ ಗುರುಶಿದ್ದಪ್ಪ ಎದ್ದುನಿಂತು, ತನ್ನ ಹತ್ತಿರ ಇದೆ ಅಂದ. ಅವನು ಶಿರಗುಪ್ಪಿಯ ಒಕ್ಕಲುತನದ ಮನೆಯವನು. ಊರಿನ ಭಜನೆಯಲ್ಲಿ ಬೆಳೆದು, ಹುಬ್ಬಳ್ಳಿಗೆ ಬಂದು ಗೋಕುಲ ರಸ್ತೆಯಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ತಯಾರಿಸುವ ವರ್ಕ್‌ಶಾಪ್ ಹಾಕಿಕೊಂಡವನು. ವರ್ಷಗಳ ಹಿಂದೆ ಹೊಸ ಮನೆಯ ವಾಸ್ತುಶಾಂತಿಯ ದಿನ ಅವನು ತಾರಾಬಾಯಿಯವರನ್ನು ಕರೆಸಿ ಹಾಡಿಸಿದ್ದ, ಒಳ್ಳೆಯ ಮಷೀನು ತರಿಸಿ ರೆಕಾರ್ಡೂ ಮಾಡಿಸಿದ್ದ. ಟೇಪು ಅಟ್ಟದ ಮೇಲೆ ಪಾತ್ರೆಗಳ ಸಂಗಡ ಇತ್ತು.

ಟೇಪನ್ನು ಕಂಪ್ಯೂಟರಿಗೆ ಏರಿಸಿ ಗರಗರ ಸದ್ದು ತೆಗೆದು ಶುದ್ಧ ಮಾಡಿದವನು ವಿನೀತ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವ, ಮೂವತ್ತು ದಾಟದ ಯುವಕ. ತಾರಾಬಾಯಿಯ ತಂಗಿ ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಇದನ್ನು ಹೊರಗೆ ತರಬೇಕು ಎನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ಹೇಗೆ ತರಬೇಕು ಎನ್ನುವಲ್ಲಿ ಜಗಳ ಹತ್ತಿತು.

ಒಂದು ರವಿವಾರ ಗುರುಶಿದ್ದಪ್ಪನ ಮನೆಯಲ್ಲಿ ಎಲ್ಲರೂ ಕೂಡಿದರು. ಶ್ರೀರಂಗ ಮತ್ತು ದತ್ತು ಅವಳಿ ಊರುಗಳ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದು, ಅಲ್ಲಿಂದ ರಿಕ್ಷಾ ಹಿಡಿದು ಹೋದರು. ತಿನ್ನಲು ಗಿರಮಿಟ್ಟು, ಮಿರ್ಚಿ ಬಂದವು. ವಿನೀತನ ಆಲೋಚನೆ ಸರಳವಾಗಿತ್ತು. ಜಾಲತಾಣದಲ್ಲಿ ಇಡುವುದು, ಬೇಕಾದವರು ದುಡ್ಡು ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳುವುದು. ಅಚ್ಚಿನ ಖರ್ಚಿಲ್ಲ, ಅಂಚೆಯ ತಾಪತ್ರಯವಿಲ್ಲ, ಪುಣೆಯಲ್ಲಿದ್ದವರಿಗೂ ಅವತ್ತೇ ಸಿಗುತ್ತದೆ. ದತ್ತುವಿಗೆ ಬೇಕಾದದ್ದು ರೆಕಾರ್ಡು, ದೊಡ್ಡ ಕಪ್ಪು ತಟ್ಟೆ. ಅದು ಆಗದಿದ್ದರೆ ಕೊನೆಗೆ ಸೀಡಿಯಾದರೂ ಆಗಬೇಕು. ತಾರಾಬಾಯಿಯ ಫೋಟೋ ಇರುವ ಹೊದಿಕೆ, ಹಿಂದೆ ನಾಲ್ಕು ಮಾತು, ಕೈಯಲ್ಲಿ ಹಿಡಿಯುವಂಥದ್ದು.

"ಖರೀದಿ ಮಾಡಿದ್ದು ಕೈಗೆ ಹತ್ತಬೇಕೋ ಬ್ಯಾಡೋ?" ಅಂದ ದತ್ತು. "ನಾ ಸತ್ತಮ್ಯಾಲೆ ನನ್ನ ಮಗಳಿಗೆ ಏನ್ ಬಿಟ್ಟು ಹೋಗ್ಲಿ? ಪಾಸ್‌ವರ್ಡೇನು?"

"ಕಾಕಾ, ನಿಮ್ಮ ಸೀಡಿ ಹಾಕ್ಲಿಕ್ಕೆ ಈಗ ಯಾರ ಮನ್ಯಾಗ ಮಷೀನ್ ಅದರಿ?" ಅಂದ ವಿನೀತ. "ಹೊಸಾ ಕಾರಿನ್ಯಾಗ ಸೈತ ಅದನ್ನ ಹಾಕ್ಲಿಕ್ಕೆ ಜಾಗಾ ಇಲ್ಲ."

ರೆಕಾರ್ಡಿನ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷ ಹಿಡಿಯುವುದೇ ಕಷ್ಟ, ತಾರಾಬಾಯಿಯ ಒಂದೇ ರಾಗವನ್ನು ಎಷ್ಟು ಕಡೆ ಕತ್ತರಿಸುತ್ತೀರಿ ಎಂದು ವಿನೀತ ಕೇಳಿದ. ಎದ್ದುಹೋಗಿ ತಟ್ಟೆ ಮಗುಚಿ ಹಾಕುವಷ್ಟು ಹೊತ್ತು ಮನುಷ್ಯ ಸುಮ್ಮನಿದ್ದರೆ ರಾಗಕ್ಕೇನೂ ನಷ್ಟವಿಲ್ಲ ಎಂದು ದತ್ತು ಹೇಳಿದ. ಫೈಲು ಮಾರಿದರೆ ಒಬ್ಬನು ಕೊಂಡು ನೂರು ಮಂದಿಗೆ ವಾಟ್ಸಾಪಿನಲ್ಲಿ ಕಳಿಸುತ್ತಾನೆ ಎಂದೂ ಹೇಳಿದ. ಸೀಡಿಯನ್ನೂ ಹಾಗೇ ಮಾಡುತ್ತಿದ್ದಿರಲ್ಲ ಎಂದು ವಿನೀತ ನೆನಪಿಸಿದ.

ಗುರುಶಿದ್ದಪ್ಪ ನಡುವೆ ಬಾಯಿ ಹಾಕಿದ. "ಮಾರಾಕ ಅಂತ ನಾ ಏನ್ ಇದನ್ನ ಇಟ್ಟಿದ್ದಿಲ್ರಿ. ಪುಗಸಟ್ಟೆ ಬಿಟ್ಟಬಿಡ್ರಿ, ಯಾರರ ಕೇಳ್ಲಿ."

ಅದುವರೆಗೆ ಕಾದಾಡುತ್ತಿದ್ದ ಇಬ್ಬರೂ ಒಂದಾಗಿ ಅವನ ಮೇಲೆ ಬಿದ್ದರು. ಪುಕ್ಕಟೆ ಸಿಕ್ಕಿದ್ದನ್ನು ಜನ ಉಳ್ಳಾಗಡ್ಡಿ ಹೆಚ್ಚುತ್ತ ಕೇಳುತ್ತಾರೆ, ಜಾಹೀರಾತು ಬಂದ ಕೂಡಲೇ ಬೇರೆಯದಕ್ಕೆ ಹೋಗುತ್ತಾರೆ, ನಾಲ್ಕು ದುಡ್ಡು ಕೊಟ್ಟವನು ಮಾತ್ರ ಕಾಲು ಮಡಿಸಿ ಕೂತು ಕೇಳುತ್ತಾನೆ ಎಂದರು. ಗುರುಶಿದ್ದಪ್ಪ ಇನ್ನೊಂದು ಸುತ್ತು ಚಹಾ ತರಲು ಒಳಗೆ ಹೋದ.

ಶ್ರೀರಂಗ ಇದನ್ನೆಲ್ಲ ನೋಡುತ್ತ ಕೂತಿದ್ದ. ದತ್ತುವಿನ ಮುಖ ಕೆಂಪಾಗಿತ್ತು. ವಿನೀತನ ಮುಂದಿನ ಮಿರ್ಚಿ ಆರಿಹೋಗಿತ್ತು. ಒಂದು ಹಾಡಿಗಾಗಿ ಇಷ್ಟು ಬಿಸಿಯಾಗಬಲ್ಲರಲ್ಲ ಇವರು ಎಂದು ಅನ್ನಿಸಿತು. ಚಿಗರಿ ನಿಲ್ದಾಣದ ಗಾಜಿನ ಬಾಗಿಲಿನ ಆಚೆ ನಿಂತ ಮಂದಿ ಮಾತಾಡುವುದು ಕಾಣುತ್ತದೆ, ತುಟಿ ಅಲ್ಲಾಡುತ್ತವೆ, ದನಿ ಕೇಳುವುದಿಲ್ಲ. ಹಾಗಿತ್ತು ಅವನಿಗೆ. ಯಾರಾದರೂ ತನ್ನನ್ನು ಕೇಳದಿದ್ದರೆ ಸಾಕು ಅಂದುಕೊಳ್ಳುತ್ತಿರುವಾಗಲೇ ದತ್ತು ತಿರುಗಿದ.

"ಇಂವ ಹೇಳ್ಲಿ. ಆಕೀ ಹಾಡಿದ್ದು ಇವನ ಸಲುವಾಗಿ. ಎರಡೂ ಕೇಳಸೋಣು, ಯಾವುದರಾಗ ತಾರಾಬಾಯಿ ಇದ್ದಾಳ ಅಂತ ಇಂವ ಹೇಳ್ಲಿ. ಇವಂದಽ ಕೊನೀ ಮಾತು."

ಎಲ್ಲರೂ ಒಪ್ಪಿದರು. ಶ್ರೀರಂಗ ಬೇಡ ಅಂದದ್ದನ್ನು ವಿನಯ ಎಂದು ತಿಳಿದರು.

ದತ್ತು ಮುಂಬೈಯಲ್ಲಿ ಯಾರನ್ನೋ ಹಿಡಿದು ಮಾದರಿಗೆಂದು ಒಂದೇ ಒಂದು ರೆಕಾರ್ಡು ಮಾಡಿಸಿ ತರಿಸಿದ. ಸಪ್ತಾಪುರದ ಅವನ ಮನೆಯ ನಡುಕೋಣೆಯಲ್ಲಿ ಪರೀಕ್ಷೆ. ಬಿಸಿಲು ಏರುವ ಹೊತ್ತು, ಕಿಟಕಿ ಮುಚ್ಚಿ ಫ್ಯಾನು ಆರಿಸಿದ್ದರು. ಶ್ರೀರಂಗನನ್ನು ಗೋಡೆಯ ಕಡೆಗೆ ಮುಖ ಮಾಡಿ ಕುರ್ಚಿಯ ಮೇಲೆ ಕೂಡಿಸಿದರು. ರೆಕಾರ್ಡು ಯಾವುದು, ಫೈಲು ಯಾವುದು ಎಂದು ಹೇಳದೆ ಒಂದಾದ ಮೇಲೊಂದು ಹಚ್ಚುವುದೆಂದು ಗೊತ್ತಾಗಿತ್ತು.

ಶುದ್ಧ ಸಾರಂಗ ರಾಗ. ವಾಸ್ತುಶಾಂತಿಯ ಊಟಕ್ಕೆ ಮುಂಚೆ ಹಾಡಿದ್ದು. ಆ ದಿನ ಅವನು ಅಲ್ಲಿದ್ದ. ಹೊಸ ಬಣ್ಣದ ವಾಸನೆ, ವರ್ಕ್‌ಶಾಪಿನ ಹುಡುಗರು ಬಾಗಿಲಲ್ಲಿ ಗುಂಪಾಗಿ ನಿಂತದ್ದು, ತಾರಾಬಾಯಿಯ ಹಸಿರು ಸೀರೆ, ಎಲ್ಲವೂ ಸರಿಯಾಗಿ ನೆನಪಾಯಿತು. ಧ್ವನಿ ಮೇಲೇರಿತು. ರಾಗದ ಎರಡು ಮಧ್ಯಮ ಸ್ವರಗಳ ನಡುವೆ ತಾರಾಬಾಯಿ ಒಂದು ಕ್ಷಣ ಯಾವ ಕಡೆಗೂ ವಾಲದೆ ನಿಂತರು. ಆಗ ಟೇಪಿನೊಳಗಿಂದ ಯಾರೋ ‘ಹಾಯ್’ ಅಂದರು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ದತ್ತು ಹಿಂದಿನಿಂದ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಶ್ರೀರಂಗ ಗೋಡೆ ನೋಡುತ್ತ ಕೂತಿದ್ದ. ಅದು ತನ್ನದೇ ದನಿ. ಟೇಪಿನೊಳಗಿನ ಆ ಮನುಷ್ಯನಿಗೆ ಏನೋ ಆಗಿತ್ತು, ಒಳಗೆಲ್ಲೋ ಚುಚ್ಚಿದ ಹಾಗೆ ಆಗಿತ್ತು. ಪಕ್ಕದ ಓಣಿಯಲ್ಲಿ ಯಾರದೋ ಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿದಷ್ಟೇ ಈಗ ಶ್ರೀರಂಗನಿಗೆ ಅದು ತಟ್ಟಿತು. ಎರಡನೆಯ ಸಲ ಹಚ್ಚಿದಾಗ ಆ ಜಾಗ ಬರುವುದನ್ನು ಕಾಯುತ್ತ ಕೂತ. ಬಂತು. ಹೋಯಿತು.

ಅವನು ಇತ್ತ ತಿರುಗಿದಾಗ ಎಲ್ಲರೂ ಅವನ ಮುಖ ನೋಡಿದರು. ಮೊದಲನೆಯದು ಅನ್ನಬಹುದಿತ್ತು, ಇಬ್ಬರಲ್ಲಿ ಒಬ್ಬ ಖುಷಿಯಾಗುತ್ತಿದ್ದ. ಎರಡನೆಯದು ಅನ್ನಬಹುದಿತ್ತು. ಅವನು ದಣಿದಿದ್ದ.

"ನನಗ ಏನೂ ಅನಸಲಿಲ್ಲ" ಅಂದ. "ಎರಡರಾಗೂ."

 ದತ್ತು ನಿಧಾನವಾಗಿ, ತನಗೂ ಅನುಮಾನವಿತ್ತು, ಮಾದರಿ ತಟ್ಟೆಯಲ್ಲಿ ಧ್ವನಿ ಕುಗ್ಗಿದೆ ಅಂದ. ವಿನೀತ ತಲೆ ತಗ್ಗಿಸಿ, ಗರಗರ ತೆಗೆಯುವಾಗ ಅದರ ಸಂಗಡ ಧ್ವನಿಯ ತೇವವೂ ಹೋಗಿರಬಹುದು, ಮೊದಲಿನಿಂದ ಮತ್ತೆ ಮಾಡುತ್ತೇನೆ ಅಂದ. ಇಂಥ ಕಿವಿ ಇನ್ನೊಬ್ಬರಿಗಿಲ್ಲ ಎಂದು ಯಾರೋ ಹೇಳಿದರು. ತಾನು ಹೇಳಿದ್ದು ಅದಲ್ಲ ಎಂದು ಬಿಡಿಸಿ ಹೇಳಲು ಶ್ರೀರಂಗ ಬಾಯಿ ತೆರೆದ. ಅಷ್ಟರಲ್ಲಿ ಚಹಾ ಬಂತು.

ವಿನೀತ ನಿಜವಾಗಿಯೂ ಮೊದಲಿನಿಂದ ಕೂತ. ಕಾಲೇಜು ಮುಗಿಸಿ ಬಂದು ದಿನಾ ಅದನ್ನೇ ಮಾಡುತ್ತಿದ್ದಾನೆ, ಕಣ್ಣು ಕೆಂಪಾಗಿವೆ ಎಂದು ಸುದ್ದಿ ಬಂತು. ಈಗ ಕೇಳಿ ನೋಡಿ ಕಾಕಾ ಎಂದು ಫೋನಿಗೆ ಸಣ್ಣ ಸಣ್ಣ ತುಣುಕು ಕಳಿಸುತ್ತಿದ್ದ. ಶ್ರೀರಂಗ ಅವನ್ನು ತೆರೆಯಲಿಲ್ಲ. ಒಂದು ದಿನ ಹೆಂಡತಿ ಸುಮೇಧಾ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ, ತಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯುತ್ತ ಎಲ್ಲವನ್ನೂ ಹೇಳಿದ. ಹಾಡು ಕೇಳಿದರೆ ಏನೂ ಆಗುವುದಿಲ್ಲ, ವರ್ಷಗಳಾದವು ಎಂದು.

ಸುಮೇಧಾ ಕೈ ನಿಲ್ಲಿಸದೆ ಕೇಳಿದಳು. ಆಮೇಲೆ ಅಂದಳು, "ನನಗ ಹುಟ್ಟಿದಾಗಿಂದ ಹಂಗಽ ಅದರಿ. ಆ ಆ ಅಂತಾರ, ಕೈ ಆಡಸ್ತಾರ, ಮುಗೀತದ, ಮನಿಗೆ ಬರ್ತೀವಿ. ನನಗೇನಾಗೇದ?"

ಶ್ರೀರಂಗನಿಗೆ ನಗು ಬರಬೇಕಿತ್ತು. ಇಷ್ಟು ವರ್ಷ ಇವಳು ಕಚೇರಿಗಳಲ್ಲಿ ತನ್ನ ಜೊತೆ ಕೂತದ್ದು ಯಾಕೆ ಎಂದು ಕೇಳಿದ. ನೀವು ಹೋಗುತ್ತಿದ್ದಿರಿ, ಅದಕ್ಕೆ ಬಂದೆ ಅಂದಳು. ಸುಲಿದ ಕಾಳನ್ನು ಬುಟ್ಟಿಗೆ ಸುರಿದು, "ಆದರ ಆ ಹುಡುಗ ನಿಮ್ಮ ಮಾತಿಗೆ ಹಗಲೂ ರಾತ್ರಿ ಕೂತಾನ. ಅವಗ ಹೇಳಿ ಬರ್ರಿ" ಅಂದಳು.

ಮೊದಲು ದತ್ತುವಿಗೆ ಹೇಳಿದ. ಇಬ್ಬರೂ ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯ ಮೇಲೆ ಅಡ್ಡಾಡಲು ಹೋಗುತ್ತಿದ್ದರು. ದತ್ತುವಿಗೆ ಮೊದಲು ತಿಳಿಯಲಿಲ್ಲ, ಆಮೇಲೆ ನಂಬಲಿಲ್ಲ. ನಂಬಿದ ಮೇಲೆ ನಿಂತುಬಿಟ್ಟ.

"ಹಂಗಾರ ಆ ದಿನ ನನ್ನ ಕೈ ಹಿಡದು ‘ನೋಡೋ’ ಅಂದ್ಯಲ್ಲ, ಅದು?"

"ಸುಳ್ಳು."

"ಹ್ವಾದ ವರ್ಷ ಕಣ್ಣ ಒರಿಸಿಕೊಂಡಿದ್ದು?"

"ಅದೂ ಸುಳ್ಳು. ನೀ ಒರಿಸಿಕೊಳ್ಳಿಕತ್ತಿದ್ದಿ, ಅದಕ್ಕ."

ದತ್ತು, ಕಳ್ಳನನ್ನು ಮನೆಯಲ್ಲಿ ಕೂಡಿಸಿ ಊಟಕ್ಕೆ ಹಾಕಿದ ಹಾಗಾಯಿತು ಎಂದಷ್ಟೇ ಹೇಳಿ, ಒಬ್ಬನೇ ತಿರುಗಿ ನಡೆದ. ಮರುದಿನ ಅಡ್ಡಾಡಲು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಶ್ರೀರಂಗ ಒಬ್ಬನೇ ಕೆರೆಯವರೆಗೆ ಹೋಗಿ ಬರುತ್ತಿದ್ದ. ಗೆಳೆಯ ದೂರವಾದನೆಂದು ದುಃಖಪಡಬೇಕು ಎಂದು ಗೊತ್ತಿತ್ತು. ಅದೂ ಜೌನಪುರಿಯ ಹಾಗೆ ಎದುರಿಗೆ ಬಂದು ಕೂತಿತ್ತು, ಒಳಗೆ ಬರುತ್ತಿರಲಿಲ್ಲ.

ವಿನೀತ ಬೇರೆ ಥರ ತೆಗೆದುಕೊಂಡ. ಕಾಲೇಜಿನ ಕ್ಯಾಂಟೀನಿನಲ್ಲಿ ಎದುರಿಗೆ ಕೂತು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಮುಖ ಉಜ್ಜಿಕೊಂಡ.

"ಹಂಗಾರ ನಾ ಮೊದಲ ಮಾಡಿದ ಫೈಲ್ ಛಲೋನಽ ಇತ್ತಲ್ರಿ, ಕಾಕಾ?"

"ಇರಬೇಕಪ್ಪ. ನನಗ ಗೊತ್ತಿಲ್ಲ."

ವಿನೀತನಿಗೆ ಸಮಾಧಾನವಾದದ್ದು ಎದ್ದು ಕಾಣುತ್ತಿತ್ತು. ಆಮೇಲೆ ನಾಚಿಕೊಂಡು, ಡಾಕ್ಟರರಿಗೆ ತೋರಿಸಿದಿರಾ ಎಂದು ವಿಚಾರಿಸಿದ. ಏಳುವ ಮುಂಚೆ ಇನ್ನೊಂದು ಮಾತು ಕೇಳಿದ. ಸಭೆಯ ಕೆಮ್ಮು, ಚಹಾ ಕಪ್ಪಿನ ಸದ್ದು ಎಲ್ಲ ತೆಗೆದಿದ್ದೇನೆ, ಆ ‘ಹಾಯ್’ ತೆಗೆಯಲೋ, ಬಿಡಲೋ?

ಶ್ರೀರಂಗ ಯೋಚಿಸಿದ. "ಇರ್ಲಿ. ಅದು ಖರೇನಽ ಬಂದದ್ದು."

ಕೊನೆಗೆ ಎರಡೂ ಬಂದವು. ವಿನೀತನ ಫೈಲು ಜಾಲತಾಣದಲ್ಲಿ ಮಾರಾಟಕ್ಕೆ ಬಿತ್ತು. ದತ್ತು ತನ್ನ ಕೈಯಿಂದ ಹಣ ಹಾಕಿ ಕೆಲವೇ ರೆಕಾರ್ಡು ಅಚ್ಚು ಹಾಕಿಸಿದ. ಬಿಡುಗಡೆಯೆಂದು ದೊಡ್ಡ ಸಮಾರಂಭವೇನೂ ಆಗಲಿಲ್ಲ. ರೆಕಾರ್ಡು ಕೊಂಡವರಲ್ಲಿ ಬಹಳ ಮಂದಿಯ ಮನೆಯಲ್ಲಿ ಅದನ್ನು ಹಚ್ಚುವ ಮಷೀನಿರಲಿಲ್ಲ. ಅವರು ಅದನ್ನು ಶೋಕೇಸಿನಲ್ಲಿ ನಿಲ್ಲಿಸಿ, ಹಾಡನ್ನು ಫೋನಿನಲ್ಲಿ ಕೇಳಿದರು. ಡೌನ್‌ಲೋಡ್ ಮಾಡಿಕೊಂಡವರು ಹೊದಿಕೆಯ ಫೋಟೋ ಕಳಿಸಿ ಎಂದು ದತ್ತುವನ್ನು ಕೇಳಿದರು. ವಾಟ್ಸಾಪ್ ಬಳಗದಲ್ಲಿ ಯಾವುದು ಮೇಲು ಎಂಬ ವಾದ ನಿಲ್ಲಲೇ ಇಲ್ಲ. ಗುರುಶಿದ್ದಪ್ಪ ಶಿರಗುಪ್ಪಿಗೆ ಹೋದಾಗ ಯಾರನ್ನೂ ಕೇಳದೆ ಅದನ್ನು ಭಜನಾ ಮಂಡಳಿಯವರಿಗೆಲ್ಲ ಪುಕ್ಕಟೆ ಹಂಚಿ ಬಂದ. ಶ್ರೀರಂಗನಿಗೂ ಒಂದು ರೆಕಾರ್ಡು ಬಂತು. ಯಾರು ಕಳಿಸಿದರೆಂದು ಬರೆದಿರಲಿಲ್ಲ. ವಿಳಾಸದ ಅಕ್ಷರ ದತ್ತುವಿನದು.

ಬೇಸಿಗೆ ಮುಗಿಯುತ್ತ ಬಂದಾಗ, ಒಂದು ರವಿವಾರ ಬೆಳಿಗ್ಗೆ ದತ್ತು ಬಾಗಿಲಿಗೆ ಬಂದು ನಿಂತ. ಹುಬ್ಬಳ್ಳಿಯಲ್ಲಿ ಹಾಡಿಕೆ ಇದೆ, ಅಂಗಿ ಹಾಕಿಕೊ ಅಂದ. ಮುಖದಲ್ಲಿ ಇನ್ನೂ ಬಿಗುವಿತ್ತು.

"ಬಂದು ಏನ್ ಮಾಡ್ಲಿ?" ಅಂದ ಶ್ರೀರಂಗ.

"ಏನೂ ಮಾಡಬ್ಯಾಡ. ತಲಿ ಗಿಲಿ ಅಲ್ಲಾಡಸಬ್ಯಾಡ, ಕಣ್ಣ ಮುಚ್ಚಬ್ಯಾಡ. ಸುಮ್ಮ ಬಂದು ಕೂಡು. ಬಾಜೂಕ ಯಾರೂ ಇಲ್ಲಂದ್ರ ನನಗ ಸರಿ ಬರೂದಿಲ್ಲ."

ಸುಮೇಧಾಳೂ ಹೊರಟಳು. ಮೂವರೂ ಒಟ್ಟಿಗೆ ಕೂತರು. ಹಾಡುವವರು ರೂಢಿಯಂತೆ ಶ್ರೀರಂಗನ ಕಡೆ ನೋಡಿದರು. ಅವನು ಕೈ ಮಡಿಲಲ್ಲಿಟ್ಟುಕೊಂಡು ಕದಲದೆ ಕೂತಿದ್ದ. ಇನ್ನೊಮ್ಮೆ ನೋಡಿದರು. ಆಮೇಲೆ ಮುಂದಿನ ಸಾಲಿನಲ್ಲಿ ಕಣ್ಣರಳಿಸಿ ಕೂತಿದ್ದ ಒಬ್ಬ ಹುಡುಗಿಯ ಕಡೆ ತಿರುಗಿ, ಕೊನೆಯವರೆಗೂ ಅವಳಿಗೇ ಹಾಡಿದರು. ಶ್ರೀರಂಗನಿಗೆ ಅದರಿಂದ ನೋವಾಗಲಿಲ್ಲ, ಹೆಗಲು ಸ್ವಲ್ಪ ಹಗುರಾದ ಹಾಗಿತ್ತು. ಮಾತ್ರೆ ಎಣಿಸಬೇಕಾಗಿರಲಿಲ್ಲ. ಪಕ್ಕದಲ್ಲಿ ದತ್ತುವಿನ ಮುಖ ಸಡಿಲಾಗುವುದನ್ನು, ಅವನ ಗದ್ದ ನಡುಗುವುದನ್ನು ನೋಡಿದ. ಇಷ್ಟು ವರ್ಷ ಪಕ್ಕದಲ್ಲೇ ಕೂತರೂ ಅದನ್ನು ಅವನು ನೋಡಿರಲಿಲ್ಲ.

ಮಧ್ಯಾಹ್ನ ಬಸ್ಸಿನಲ್ಲಿ ಮರಳುವಾಗ ಉಣಕಲ್ಲಿನ ಹತ್ತಿರ ಮೂವರಿಗೂ ಸೀಟು ಸಿಕ್ಕವು. ಸುಮೇಧಾ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ಹಳೆಯ ಚಾಳಿಯಂತೆ ದತ್ತು, "ಹೆಂಗಿತ್ತು?" ಎಂದು ಕೇಳಿ, ಕೇಳಿದ್ದಕ್ಕೆ ತಾನೇ ಮುಜುಗರಪಟ್ಟು ಬಾಯಿ ಮುಚ್ಚಿಕೊಂಡ.

"ನನಗ ಗೊತ್ತಿಲ್ಲ" ಅಂದ ಶ್ರೀರಂಗ. "ನೀ ಹೇಳು, ಹೆಂಗಿತ್ತು?"

ದತ್ತು ಅನುಮಾನದಿಂದ ಅವನ ಮುಖ ನೋಡಿದ. ಆಮೇಲೆ ಮೊದಲ ಆಲಾಪದಿಂದ ಶುರುಮಾಡಿದ. ಶ್ರೀರಂಗ ಅವನ ಕಡೆ ತಿರುಗಿ ಕೂತುಕೊಂಡ. ಬಸ್ಸು ನವನಗರ ದಾಟಿತು. ದತ್ತು ಇನ್ನೂ ಆಲಾಪದಲ್ಲೇ ಇದ್ದ.